ಏಸಿ ತಣ್ಣಗಾಗದಿದ್ದಾಗ ಗ್ಯಾಸ್‌ಗಿಂತ ಮೊದಲು ಕಂಡೆನ್ಸರ್

ಏಪ್ರಿಲ್ ಬಿಸಿಲಿಗೆ ದಾವಣಗೆರೆಯಲ್ಲಿ ಕಾರಿನ ಏಸಿ ಸೋತರೆ ಎಲ್ಲರೂ ಹೇಳುವುದು ಒಂದೇ, ಗ್ಯಾಸ್ ಹಾಕಿಸಿ. ಆದರೆ ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಹಾಗಾಗಿ ನನ್ನ ಕಾರಿನ ಏಸಿ ಸೋತಾಗ ಗ್ಯಾಸ್ ವಿಚಾರ ಕೊನೆಗಿಟ್ಟೆ.

ನಡುವಿನ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿ, ಒಳಗಾಳಿಯೇ ಸುತ್ತುವಂತೆ ಬಟನ್ ಒತ್ತಿ, ಬ್ಲೋವರ್ ಎರಡರಲ್ಲಿಟ್ಟು ಹತ್ತು ನಿಮಿಷ ಬಿಟ್ಟೆ. ನಿಂತಲ್ಲಿ 19 ಡಿಗ್ರಿ. ಹೈವೇಯಲ್ಲಿ ಆನಗೋಡು ದಾಟುವಾಗ 10. ಓಡುವಾಗ ತಣ್ಣಗೆ, ನಿಂತರೆ ಬೆಚ್ಚಗೆ ಅಂದರೆ ಗ್ಯಾಸ್ ಒತ್ತಿ ಸುತ್ತಿಸುವ ಕಂಪ್ರೆಸರ್ ಮೇಲೆ ಅನುಮಾನ ಕಮ್ಮಿ; ಗ್ರಿಲ್ ಹಿಂದೆ ಕೂತು ಗ್ಯಾಸಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿ, ಅಂದರೆ ಕಂಡೆನ್ಸರಿನ ಬಿಸಿ ಹೊರಹೋಗುತ್ತಿಲ್ಲ. ಏಸಿ ಹಾಕಿದಾಗ ಮುಂದಿನ ಫ್ಯಾನ್ ತಿರುಗುತ್ತಿತ್ತು. ತಿರುಗದಿದ್ದರೆ ಫ್ಯೂಸ್, ರಿಲೇ ನೋಡಬೇಕಿತ್ತು.

ಗ್ರಿಲ್ ಬಿಚ್ಚಿದರೆ ಕಂಡೆನ್ಸರಿನ ಮುಂಭಾಗ ಚೊಕ್ಕಟವಾಗಿಯೇ ಕಂಡಿತು. ಮೋಸ ಆಗುವುದು ಇಲ್ಲೇ. ಮೇಲಿನಿಂದ ಟಾರ್ಚ್ ಬಿಟ್ಟಾಗ ಕಂಡೆನ್ಸರ್ ಮತ್ತು ಅದರ ಹಿಂದೆ ಎಂಜಿನ್ ತಣಿಸಲು ಇರುವ ರೇಡಿಯೇಟರ್ ನಡುವೆ ಹೊಟ್ಟು, ಮೆಕ್ಕೆಜೋಳದ ರವದಿ ಚೂರು, ಧೂಳು ಕಂಬಳಿಯಂತೆ ಕೂತಿತ್ತು. ಸುಗ್ಗಿಯಲ್ಲಿ ರಸ್ತೆ ಮೇಲೇ ಒಕ್ಕಣೆ ನಡೆಯುವ ನಮ್ಮ ಕಡೆ ಇದು ತಪ್ಪದು.

ಎಂಜಿನ್ ಪೂರ್ತಿ ಆರಿದ ಮೇಲೆ ಬ್ಯಾಟರಿಯ ಮೈನಸ್ ಕಳಚಿದೆ. ಇಲ್ಲದಿದ್ದರೆ ಫ್ಯಾನ್ ದಿಢೀರನೆ ತಿರುಗಿ ಬೆರಳು ಹೋದೀತು. ನನ್ನ ಕಾರಿನಲ್ಲಿ ರೇಡಿಯೇಟರಿನ ಮೇಲಿನ ಎರಡು 10 ಎಂಎಂ ಬೋಲ್ಟ್ ತೆಗೆದರೆ ಅದು ಎರಡು ಬೆರಳಷ್ಟು ಹಿಂದಕ್ಕೆ ವಾಲುತ್ತದೆ. ಏಸಿ ಪೈಪ್ ಮುಟ್ಟಲೇಬಾರದು, ಒಳಗೆ ಒತ್ತಡದ ಗ್ಯಾಸ್ ಇರುತ್ತದೆ. ಆ ಸಂದಿಯಿಂದ ಮುಂದಕ್ಕೆ, ಕಸ ಬಂದ ದಾರಿಯಲ್ಲೇ ವಾಪಸ್ ಹೋಗುವಂತೆ, ತೋಟದ ಪೈಪಿನಲ್ಲಿ ನೀರು ಬಿಟ್ಟೆ. ವಾಟರ್ ಸರ್ವೀಸಿನ ಜೋರು ಗನ್ ಹಿಡಿದರೆ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ನಿಂತಲ್ಲಿ 19 ಇದ್ದದ್ದು 12ಕ್ಕೆ ಇಳಿಯಿತು.

ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರನ್ನೂ ಬದಲಿಸಿದೆ, ಗಾಳಿಯ ರಭಸ ಹೆಚ್ಚಿತು.

ಇಷ್ಟಾದರೂ ತಣ್ಣಗಾಗದಿದ್ದರೆ ಮೆಕ್ಯಾನಿಕ್ ಬಳಿ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿಸಿ. ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಕಡೆ, ಅಲ್ಲಿಂದ ಹೊರಡುವ ಹೈ ಕಡೆ, ಎರಡೂ ಕಡೆ ಒತ್ತಡ ಕಮ್ಮಿಯಿದ್ದರೆ ಸಾಮಾನ್ಯವಾಗಿ ಸೋರಿಕೆ. ಜಾಯಿಂಟಿನಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿರುವ ಜಾಗ ಹುಡುಕಿ. ಲೋ ಕಡೆ ಹೆಚ್ಚು, ಹೈ ಕಡೆ ಕಮ್ಮಿ ಇದ್ದರೆ ಕಂಪ್ರೆಸರ್ ಸವೆದಿರಬಹುದು. ಸೋರಿಕೆ ಸರಿಮಾಡಿ, ಒಳಗಿನ ಗಾಳಿ, ತೇವ ಹೋಗುವಂತೆ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ, ಬಾನೆಟ್ ಸ್ಟಿಕರಿನಲ್ಲಿರುವಷ್ಟೇ ಗ್ರಾಂ ತೂಕ ಹಾಕಿ ತುಂಬಿಸಿ. ಹೆಚ್ಚು ತುಂಬಿದರೂ ತಂಪು ಕಮ್ಮಿಯಾಗುತ್ತದೆ.