ಐದು ದಿನ ಒಂಟೆ ಜೊತೆ, ಆಮೇಲೆ ಗಾಡೀಲಿ: ಮಾರಿಟಾನಿಯಾದ ಮರಳಲ್ಲಿ ನನ್ನ ಅನುಭವ

ಐದು ದಿನ ಒಂಟೆ ಮೇಲೆ ರಾಜನ ಥರ ಕೂತ್ಕೊಂಡು ಹೋದೆ ಅಂದ್ಕೊಂಡ್ರೆ ಇಲ್ಲ, ಮುಕ್ಕಾಲು ಪಾಲು ನಡ್ದಿದ್ದೇ. ಪಶ್ಚಿಮ ಆಫ್ರಿಕಾದ ಈ ದೇಶದಲ್ಲಿ, ಶಿಂಗೆಟ್ಟಿ ಅನ್ನೋ ಊರಿಂದ ವಾದಾನ್‌ವರೆಗೆ ಒಂಟೆಗಳು ಹೊತ್ತಿದ್ದು ನೀರು, ಅಕ್ಕಿ, ಕಂಬಳಿ. ನಾವು ಹತ್ತಿದ್ದು ಕಾಲು ಸೋತಾಗ ಮಾತ್ರ, ಅದೂ ಒಂದು ಗಂಟೆ ಕೂತ್ರೆ ತೊಡೆ ಹಿಡ್ಕೊಂಡು ಸಾಕಪ್ಪಾ ಇಳ್ಸಿ ಅನ್ನೋ ಹಾಗಾಗುತ್ತೆ.

ಒಂಟೆ ಏಳೋವಾಗ ಹಿಂದಿನ ಕಾಲು ಮೊದ್ಲು ಎತ್ತುತ್ತೆ, ಆಗ ಹಿಂದಕ್ಕೆ ವಾಲ್ಬೇಕು. ನಂಗೆ ಹೇಳಿದ್ರು, ನಾನು ಮೊಬೈಲ್ ಜೇಬಿಗೆ ಹಾಕ್ತಾ ಇದ್ದೆ, ಮೂಗು ಹೋಗಿ ಅದ್ರ ಕತ್ತಿಗೇ ಬಡೀತು. ಇನ್ನೊಂದು, ಕ್ರಾಮ್‌ಕ್ರಾಮ್ ಅನ್ನೋ ಹುಲ್ಲಿನ ಮುಳ್ಳು. ಸಾಕ್ಸ್, ಕಂಬಳಿ, ಬೆರಳ ಸಂದಿ ಯಾವ್ದನ್ನೂ ಬಿಡಲ್ಲ, ಒಂದು ಚಿಮಟ ಇಟ್ಕೊಳ್ಳಿ, ನಾನು ತಗೊಂಡ್ಹೋದ ದುಬಾರಿ ಸಾಮಾನಿಗಿಂತ ಅದೇ ಜಾಸ್ತಿ ಕೆಲ್ಸಕ್ಕೆ ಬಂತು. ತಲೆಗೆ ಟೋಪಿ ಬೇಡ, ಅಲ್ಲಿಯವರು ತಲೆಗೆ ಸುತ್ತೋ ಉದ್ದ ಬಟ್ಟೆ ಹೌಲಿ ಸುತ್ಕೊಳ್ಳಿ, ಗಾಳಿ ಎದ್ರೆ ಬಾಯಿ ಮೂಗು ಎಲ್ಲಾ ಮುಚ್ಬಹುದು. ಮಧ್ಯಾಹ್ನ ಬಿಸಿಲಿಗೆ ಪಯಣ ಬಂದ್, ಯಾವ್ದಾದ್ರೂ ಜಾಲಿ ಮರದ ನೆರಳಲ್ಲಿ ಪುದೀನ ಹಾಕಿದ ಟೀ, ಒಂದಲ್ಲ ಮೂರು ಲೋಟ. ಎರಡೇ ಲೋಟಕ್ಕೆ ಎದ್ದು ಹೊರಡೋಣ ಅಂದಿದ್ದಕ್ಕೆ ನಮ್ ಒಂಟೆಯವ್ನು ನನ್ನ ನೋಡಿದ ನೋಟ ಇನ್ನೂ ನೆನಪಿದೆ.

ವಾದಾನ್‌ನಿಂದ ಗಾಡಿ. ರಿಶಾತ್ ಅನ್ನೋ ದುಂಡನೆ ಬಂಡೆ ರಚನೆ ನೋಡ್ಕೊಂಡು ಅತಾರ್ ಪಟ್ಟಣಕ್ಕೆ ವಾಪಸ್. ಸುಮಾರು 40 ಕಿಲೋಮೀಟರ್ ಅಗಲದ ಆ ಬಳೆ ಬಳೆ ಆಕಾರ ಉಪಗ್ರಹದ ಫೋಟೋದಲ್ಲೇ ಚೆಂದ, ಒಳಗೆ ನಿಂತ್ರೆ ಬರೀ ಕಲ್ಲುಗುಡ್ಡ, ಎಲ್ಲಿ ಬಳೆ ಅಂತ ಡ್ರೈವರ್‌ನ ಕೇಳ್ಬೇಕು.

ಮರಳು ಬಂದಾಗ ಅವ್ನು ಟೈರ್ ಗಾಳಿ 16 ಪಿಎಸ್‌ಐ ಹತ್ರ ಇಳ್ಸಿದ. ಟೈರ್ ಅಗಲ ಆಗಿ ಒಂಟೆ ಪಾದದ ಥರಾನೇ ಮರಳ ಮೇಲೆ ಹರಡ್ಕೊಳ್ಳುತ್ತೆ, ಹೂತ್ಕೊಳ್ಳಲ್ಲ. ಆದ್ರೂ ಒಂದ್ಸಲ ಹೂತ್ಕೊಂಡ್ವಿ, ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳ ಆಗ್ತಾ ಹೋಯ್ತು, ಕೊನೆಗೆ ಕೈಯಲ್ಲೇ ಮರಳು ತೋಡಿ ಚಕ್ರದ ಕೆಳಗೆ ತಗಡು ಕೊಟ್ವಿ. ಕಲ್ಲು ನೆಲ ಸಿಕ್ಕಿದ ತಕ್ಷಣ ವಾಪಸ್ ಗಾಳಿ ತುಂಬ್ಬೇಕು, ಇಲ್ಲಾಂದ್ರೆ ಟೈರ್ ಹರಿಯುತ್ತೆ, ಅದ್ಕೇ ಕಂಪ್ರೆಸರ್ ಇಲ್ಲದ ಗಾಡಿ ಹತ್ಬೇಡಿ.

ಪಾಸ್‌ಪೋರ್ಟ್ ಜೆರಾಕ್ಸ್ ಒಂದು ಕಟ್ಟು ಇರ್ಲಿ, ಚೆಕ್‌ಪೋಸ್ಟ್‌ಗಳಲ್ಲಿ ಒಂದೊಂದು ಕೊಡ್ತಾ ಹೋಗ್ಬೇಕು.

ಅರ್ಧ ದಿನದಲ್ಲಿ ಅತಾರ್ ಬಂತು. ಕಿಟಕಿ ಆಚೆ ನಾನು ನೋಡಿದ ಒಂದು ಮರವೂ ನೆನಪಿಲ್ಲ, ನಡ್ಕೊಂಡು ಬಂದ ಕಡೆ ಟೀ ಕುಡಿದ ಐದೂ ಮರ ಈಗ್ಲೂ ಕಣ್ಮುಂದೆ ಇವೆ.