ಅಮಾವಾಸ್ಯೆ ಯಾವಾಗ ನೋಡಿ, ಆಮೇಲೆ ಟಿಕೆಟ್ ಮಾಡಿಸಿ: ಅಂಡಮಾನಿನ ಒಂದು ಪುಟ್ಟ ಕೊಲ್ಲಿಗೆ ಹೋಗುವುದು ಹೇಗೆ?

ಕಂಪ್ಲಿಯವರಿಗೆ ನೀರು ಏರುವುದು, ಇಳಿಯುವುದು ಹೊಸದಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟರೆ ನಮ್ಮ ಸೇತುವೆ ಮುಳುಗುತ್ತದೆ. ಗಂಗಾವತಿಗೆ ಹೋಗುವವರು ಬುಕ್ಕಸಾಗರದ ಕಡೆಯಿಂದ ಸುತ್ತು ಹಾಕುತ್ತಾರೆ. ಗೇಟ್ ಮುಚ್ಚಿದ ಮೇಲೆ ಮತ್ತೆ ಹಳೆಯ ದಾರಿ. ಹಾಗಾಗಿ ಅಂಡಮಾನಿನ ದಂಡೆಯಲ್ಲಿ ನಿಂತು, ಸ್ವಲ್ಪ ಹೊತ್ತಿನ ಹಿಂದೆ ಕಾಲು ತೊಳೆದ ಜಾಗದಲ್ಲಿ ಬರೀ ಒದ್ದೆ ಮರಳು ಕಂಡಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ಯಪ್ಪಾ, ಗೇಟ್ ಯಾರು ಮುಚ್ಚಿದ್ರು?"

ಅಲ್ಲಿ ಗೇಟ್ ಇಲ್ಲ, ಚಂದ್ರ ಇದ್ದಾನೆ. ಅವನ ಲೆಕ್ಕವೂ ಸೂರ್ಯನ ಲೆಕ್ಕವೂ ತಿಳಿಯದೆ ಹೋದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ. ನಮ್ಮದು ಮೊದಲ ದಿನ ಹಾಗೇ ಆಯಿತು. ಎರಡನೇ ದಿನ ಸರಿಹೋಯಿತು. ಆ ಎರಡನೇ ದಿನದ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಜಾಗದ ಹೆಸರು ನೀಲ್ಸ್ ಕೋವ್. ಹ್ಯಾವ್ಲಾಕ್ ದ್ವೀಪದ ರಾಧಾನಗರ ಬೀಚಿನ ಒಂದು ತುದಿಯಲ್ಲಿದೆ. ದೊಡ್ಡ ಬೀಚಿನ ಪಕ್ಕದಲ್ಲೇ ಬಂಡೆ, ಮರಗಳ ಮರೆಯಲ್ಲಿ ಒಳಕ್ಕೆ ಬಾಗಿದ ಪುಟ್ಟ ಕೊಲ್ಲಿ. ಹ್ಯಾವ್ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿ ಬೇಡ.

ಮೊದಲು ಕ್ಯಾಲೆಂಡರ್

ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಅಂಡಮಾನಿಗೆ ನೈಋತ್ಯ ಮುಂಗಾರೂ ಬರುತ್ತದೆ, ಈಶಾನ್ಯ ಹಿಂಗಾರೂ ಬರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ನಮ್ಮ ಬಳ್ಳಾರಿಯಲ್ಲಿ ಐದಾರು ವರ್ಷ ಸೇರಿಸಿದರೆ ಅಷ್ಟಾದೀತು!

ತಿಂಗಳು ಗೊತ್ತಾಯಿತಲ್ಲ, ಈಗ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಏರಿಕೆಗೂ ಅದರ ನಂತರದ ಇಳಿತಕ್ಕೂ ಆರು ಗಂಟೆಗಿಂತ ತುಸು ಹೆಚ್ಚು ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ನೀರು ತುಂಬಾ ಮೇಲೆ ಬರುತ್ತದೆ, ತುಂಬಾ ಹಿಂದಕ್ಕೂ ಹೋಗುತ್ತದೆ. ಅಷ್ಟಮಿಯ ಆಸುಪಾಸು ಈ ಏರಿಳಿತ ಕಡಿಮೆ, ಆ ದಿನಗಳನ್ನೇ ಆರಿಸಿಕೊಳ್ಳಿ. ಅಮಾವಾಸ್ಯೆ ದಿನ ಪ್ರಯಾಣ ಹೊರಡಬಾರದು ಎನ್ನುವ ಮನೆಯವರು ಇದ್ದರೆ ಅವರ ಮಾತೂ ಉಳಿಯಿತು, ನಿಮ್ಮ ಕೆಲಸವೂ ಆಯಿತು ಅಲ್ವಾ?

ಇನ್ನೊಂದು ಲೆಕ್ಕ ನೆನಪಿಡಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ 7.50ರ ಸುಮಾರಿಗೆ, ನಾಡಿದ್ದು 8.40ಕ್ಕೆ. ಆಯಾ ದಿನದ ಸರಿಯಾದ ಸಮಯ ಮೊಬೈಲ್‌ನಲ್ಲೇ ಸಿಗುತ್ತದೆ, 'ಪೋರ್ಟ್ ಬ್ಲೇರ್ ಟೈಡ್' ಎಂದು ಹುಡುಕಿ. ಉಳಿದುಕೊಂಡ ಜಾಗದವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಅಲ್ಲಿನವರಿಗೆ ಅದು ನಮ್ಮಲ್ಲಿ ಕರೆಂಟ್ ಬರುವ ಟೈಮ್ ಇದ್ದ ಹಾಗೆ, ಬಾಯಲ್ಲೇ ಇರುತ್ತದೆ.

ಬೆಳಿಗ್ಗೆ ಹೊತ್ತು ನೀರು ಇಳಿಯುತ್ತಿರುವ ದಿನವನ್ನು ಕೊಲ್ಲಿಗೆ ಇಟ್ಟುಕೊಳ್ಳಿ. ಆ ದಿನದಿಂದ ಹಿಂದಕ್ಕೆ ಎಣಿಸಿ ಟಿಕೆಟ್ ಮಾಡಿಸಿ.

ಊರಿಂದ ದ್ವೀಪಕ್ಕೆ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಮುಂಬೈ–ಚೆನ್ನೈ ದಾರಿಯೂ ಅವರ ಊರಿನ ಮೇಲೇ ಹಾದುಹೋಗುವುದರಿಂದ ಚೆನ್ನೈಗೆ ಹೋಗುವುದೂ ಸುಲಭ. ಚೆನ್ನೈನಿಂದ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಡಗೂ ಇದೆ, ಆದರೆ ಹೆಚ್ಚುಕಡಿಮೆ ಮೂರು ದಿನ ಬೇಕು. ರಜೆ ಕಡಿಮೆ ಇದ್ದವರಿಗೆ ಅದು ಆಗದ ಮಾತು.

ಭಾರತೀಯರಿಗೆ ಶ್ರೀ ವಿಜಯಪುರಂ, ಸ್ವರಾಜ್ ದ್ವೀಪಕ್ಕೆ ಬೇರೆ ಪರವಾನಗಿ ಬೇಡ. ಬುಡಕಟ್ಟು ಜನರ ಮೀಸಲು ಪ್ರದೇಶಕ್ಕೆ ಮಾತ್ರ ಪ್ರವೇಶ ಇಲ್ಲ. ಆಧಾರ್ ಕಾರ್ಡ್ ಎಲ್ಲರದೂ ಕೈಯಲ್ಲಿರಲಿ, ಫೆರಿ ಟಿಕೆಟ್‌ಗೆ ಕೇಳುತ್ತಾರೆ.

ಸ್ವರಾಜ್ ದ್ವೀಪಕ್ಕೆ ಸರ್ಕಾರಿ ಫೆರಿ ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿ ಹಡಗುಗಳು ಹ್ಯಾಡೋ ಜೆಟ್ಟಿಯಿಂದ. ಎರಡೂ ಬೇರೆ ಬೇರೆ ಜಾಗ, ಆಟೋದವರಿಗೆ ಸರಿಯಾಗಿ ಹೇಳಿ. ಖಾಸಗಿಯದು ಒಂದೂವರೆ ಗಂಟೆ, ದರ ಜಾಸ್ತಿ. ಸರ್ಕಾರಿಯದು ಇನ್ನೂ ಒಂದು ಗಂಟೆ ಹೆಚ್ಚು ಹಿಡಿಯಬಹುದು, ಆದರೆ ಅಗ್ಗ. ಹರಗೋಲಿನಲ್ಲಿ ಗಿರಗಿರ ತಿರುಗಿ ಏನೂ ಆಗದ ನಮ್ಮ ಭಾವ ಇಲ್ಲಿ ಅರ್ಧ ಗಂಟೆಯೊಳಗೆ ಮಲಗಿಬಿಟ್ಟರು. ವಾಂತಿ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಮೊಬೈಲ್ ಬಿಟ್ಟು ದೂರದ ಅಂಚನ್ನು ನೋಡುತ್ತಾ ಕೂರಿ.

ಇಳಿದ ಮೇಲೆ ರಾಧಾನಗರಕ್ಕೆ ಸುಮಾರು 12 ಕಿಲೋಮೀಟರ್. ಆಟೋ ಸಿಗುತ್ತದೆ, ಬಾಡಿಗೆ ಸ್ಕೂಟರ್ ಸಿಗುತ್ತದೆ. ಆಟೋದಲ್ಲಿ ಹೋಗುವುದಾದರೆ ಬರುವಾಗಿನ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ. ನಗದು ಇರಲಿ, ಫೋನ್ ನೆಟ್‌ವರ್ಕ್ ನಂಬಿ ಹೋಗಬೇಡಿ. ಭಾಷೆಗೆ ಹಿಂದಿ ಸಾಕು. ಈ ದ್ವೀಪದಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬದವರು, ಮನೆಮಾತು ಬಂಗಾಳಿ. ಊರುಗಳ ಹೆಸರು ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ. ಐದನೇ ನಂಬರ್ ಬೀಚಿರುವ ಊರು ಯಾವುದು ಗೊತ್ತೇ? ವಿಜಯನಗರ! ನಮ್ಮ ಹಂಪಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಇರಲು ನಮ್ಮಿಂದ ಆಗಲಿಲ್ಲ.

ಗಡಿಯಾರ ಒಂದು ಗಂಟೆ ಸುಳ್ಳು ಹೇಳುತ್ತದೆ

ನಾವು ಮೊದಲ ದಿನ ಎಡವಿದ್ದು ಇಲ್ಲೇ. ಮಧ್ಯಾಹ್ನ ಉಂಡು, ಸ್ವಲ್ಪ ಅಡ್ಡಾಗಿ, ನಾಲ್ಕೂವರೆಗೆ ರಾಧಾನಗರ ತಲುಪಿದೆವು. ಊರಲ್ಲಾದರೆ ನಾಲ್ಕೂವರೆ ಎಂದರೆ ಇನ್ನೂ ಬಿಸಿಲು ಇಳಿದಿರುವುದಿಲ್ಲ. ಅಲ್ಲಿ ಆಗಲೇ ಸಂಜೆ.

ಅಂಡಮಾನ್ ನಮಗಿಂತ ಸುಮಾರು 16 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಒಂದು ಗಂಟೆಗೂ ಮುಂಚೆ ಅಲ್ಲಿರುತ್ತಾನೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಚಳಿಗಾಲದಲ್ಲಿ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನಾವು ಹೋದಾಗ ದಂಡೆ ತುಂಬಾ ಜನ, ಎಲ್ಲರೂ ಸೂರ್ಯಾಸ್ತಕ್ಕೆ ಬಂದವರು. ಏಷ್ಯಾದ ಒಳ್ಳೆಯ ಬೀಚ್ ಎಂದು 2004ರಲ್ಲಿ ಟೈಮ್ ಪತ್ರಿಕೆ ಹೊಗಳಿದ ಜಾಗ, ಜನ ಬರದೆ ಇರುತ್ತಾರೆಯೇ? ಕೊಲ್ಲಿಯ ಕಡೆ ಅರ್ಧ ದಾರಿ ನಡೆಯುವಷ್ಟರಲ್ಲಿ ಗಾರ್ಡ್ ಸೀಟಿ ಊದಿ ವಾಪಸ್ ಕರೆದರು.

ಮರುದಿನ ಎಲ್ಲವನ್ನೂ ಒಂದು ಗಂಟೆ ಹಿಂದಕ್ಕೆ ಹಾಕಿದೆವು. ನಾಲ್ಕೂವರೆಗೆ ಎದ್ದು ಆರರ ಸುಮಾರಿಗೆ ದಂಡೆಯಲ್ಲಿದ್ದೆವು. ಇಡೀ ಬೀಚಿನಲ್ಲಿ ನಾವು ಐದು ಜನ ಮತ್ತು ಎರಡು ನಾಯಿ.

ನಡೆಯುವುದು

ದಂಡೆಗೆ ಇಳಿದು ಸಮುದ್ರಕ್ಕೆ ಮುಖ ಮಾಡಿ ನಿಂತರೆ ಕೊಲ್ಲಿ ನಿಮ್ಮ ಬಲಕ್ಕೆ, ವಾಯವ್ಯದ ತುದಿಯಲ್ಲಿ. ಅವ್ವನ ಹೆಜ್ಜೆಗೆ ಹೊಂದಿಕೊಂಡು ಹೋದರೂ ದೂರ ಅನಿಸಲಿಲ್ಲ. ನೀರು ಇಳಿಯುತ್ತಿರುವಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂಳುವುದಿಲ್ಲ. ಏರಿದಾಗ ಮೇಲಿನ ಸಡಿಲ ಮರಳಲ್ಲೇ ನಡೆಯಬೇಕು, ಮೊಣಕಾಲು ನೋವಿನವರಿಗೆ ಕಷ್ಟ. ಬಂಡೆಗಳ ಹತ್ತಿರ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಎಡಗಡೆ ನೀರು, ಬಲಗಡೆ ಕಾಡು. ಎತ್ತರದ ಮರಗಳು ದಂಡೆಯವರೆಗೂ ಬಂದಿವೆ, ನಡುವೆ ಕೇದಗೆಯ ಜಾತಿಯ ಮುಳ್ಳಿನ ಪೊದೆ.

ತುದಿ ತಿರುಗಿದ ಕೂಡಲೇ ಸದ್ದು ಬದಲಾಗುತ್ತದೆ. ಹಿಂದೆ ಅಲೆ ಒಡೆಯುವ ದೊಡ್ಡ ಸದ್ದು, ಮುಂದೆ ಕೆರೆಯಂತೆ ನಿಂತ ತಿಳಿ ನೀರು. ದಡದ ಹತ್ತಿರ ತಿಳಿ ಹಸಿರು, ಆಚೆ ನೀಲಿ. ಸಣ್ಣ ಏಡಿಗಳು ಮರಳನ್ನು ಸಾಬೂದಾನಿಯಂತೆ ಉಂಡೆ ಕಟ್ಟಿ ಚೆಲ್ಲಿರುತ್ತವೆ. ಅವ್ವ ಅದನ್ನು ತುಳಿಯದೆ ಸುತ್ತು ಹಾಕಿ ನಡೆದಳು, ರಂಗೋಲಿ ದಾಟುವ ಹಾಗೆ.

ನೀರಿಗೆ ಇಳಿಯಬೇಡಿ

ಅಷ್ಟು ತಿಳಿಯಾದ ನೀರು ಕಂಡರೆ ಯಾರಿಗಾದರೂ ಇಳಿಯಬೇಕು ಅನಿಸುತ್ತದೆ. ಬೇಡ. ಅಲ್ಲಿ ಮೊಸಳೆಯ ಎಚ್ಚರಿಕೆ ಇದೆ, ಅದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. 2010ರ ಏಪ್ರಿಲ್‌ನಲ್ಲಿ ಇಲ್ಲೇ ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರೊಳಗೆ ನೋಡುವುದು) ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು.

ಕೃಷ್ಣಾ ದಂಡೆಯ ರಾಯಚೂರಿನವರು "ನಾವು ನೋಡದ ಮೊಸಳೆಯೇ?" ಎನ್ನಬಹುದು. ಹೊಳೆಯಲ್ಲಿರುವುದು ಮಗ್ಗರ್ ಜಾತಿ, ಸಿಹಿನೀರಿನದು. ಇದು ಉಪ್ಪುನೀರಿನ ಮೊಸಳೆ, ಬದುಕಿರುವ ಸರೀಸೃಪಗಳಲ್ಲೆಲ್ಲ ದೊಡ್ಡದು. ಗಂಡು 6 ಮೀಟರ್‌ವರೆಗೂ ಬೆಳೆಯಬಲ್ಲದು. ಸಾಮಾನ್ಯವಾಗಿ ಮ್ಯಾಂಗ್ರೋವ್ ಕಾಡಿನ ಹಿನ್ನೀರಿನಲ್ಲಿ ಇರುತ್ತದೆ, ಆದರೆ ಒಂದು ಹಿನ್ನೀರಿನಿಂದ ಇನ್ನೊಂದಕ್ಕೆ ಸಮುದ್ರದಲ್ಲೇ ಈಜಿಕೊಂಡು ಹೋಗುತ್ತದೆ. ಮಬ್ಬುಗತ್ತಲಲ್ಲಿ ಅದರ ಓಡಾಟ ಜಾಸ್ತಿ. ಆದ್ದರಿಂದ ಪೂರ್ತಿ ಬೆಳಕಾದ ಮೇಲೆ ಆ ಕಡೆ ನಡೆಯಿರಿ, ಮಕ್ಕಳನ್ನು ನೀರಂಚಿನಿಂದ ದೂರ ಇಡಿ. ಆ ದಿನ ಅಲ್ಲಿಗೆ ಹೋಗಬೇಡಿ ಎಂದು ಗಾರ್ಡ್ ಹೇಳಿದರೆ ವಾದ ಮಾಡದೆ ಹಿಂದಿರುಗಿ.

ಈಜಲೇಬೇಕು ಎನ್ನುವವರು ರಾಧಾನಗರದ ದೊಡ್ಡ ಬೀಚಿನಲ್ಲಿ, ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ. ಅಲೆ ಒಡೆಯುವ ಸಾಲಿನ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಇಲ್ಲದೆ ಶಾಂತವಾಗಿ ಕಂಡರೆ, ಅದೇ ನೀರು ಒಳಕ್ಕೆ ಎಳೆಯುವ ಜಾಗ ಇರಬಹುದು. ಎಳೆದರೆ ಎಳೆತಕ್ಕೆ ಎದುರಾಗಿ ನೇರ ದಡದ ಕಡೆ ಈಜಿ ದಣಿಯಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಿ. ಕಾಲುವೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಈ ಮಾತು ಎರಡು ಸಲ ಹೇಳಬೇಕು. ಕಾಲುವೆ ಹೆಚ್ಚೆಂದರೆ ಮುಂದಿನ ಊರಿಗೆ ಒಯ್ಯುತ್ತದೆ.

ಏನು ಒಯ್ಯಬೇಕು, ಏನು ತರಬಾರದು

ನೀರು, ಟೋಪಿ, ತೆಳು ಟವೆಲ್, ಮರಳುನೊಣಕ್ಕೆ ಹಚ್ಚಿಕೊಳ್ಳಲು ಮುಲಾಮು. ಈ ನೊಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಚ್ಚಿದ ತುರಿಕೆ ಮಾತ್ರ ಊರಿಗೆ ಬಂದರೂ ಇರುತ್ತದೆ. ಮರಳಿನ ಮೇಲೆ ಬರೀ ಮೈಯಲ್ಲಿ ಮಲಗಬೇಡಿ. ಕೊಲ್ಲಿಯ ಕಡೆ ಅಂಗಡಿ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದರೆ ಬಿಸಿಲಿಗೆ ಕೆಡುವುದಿಲ್ಲ. ಒಗ್ಗಣಿ ಮಾಡಿಕೊಂಡು ಹೋಗುವ ಆಸೆ ಬಿಡಿ, ಕಡಲ ಗಾಳಿಗೆ ಮಂಡಕ್ಕಿ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ.

ದಂಡೆಯಲ್ಲಿ ಬಿದ್ದ ಹವಳದ ತುಂಡು ಸತ್ತದ್ದೇ ಇರಲಿ, ಚೀಲಕ್ಕೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಹವಳಕ್ಕೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಆಗುತ್ತದೆ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ, ಸನ್ಯಾಸಿ ಏಡಿಗೆ ಅದೇ ಮನೆ. ನಾವು ಚಿಪ್ಪು ಎಂದು ಎತ್ತಿಕೊಂಡಿದ್ದು ಅಂಗೈ ಮೇಲೆ ನಡೆಯಲು ಶುರುಮಾಡಿತ್ತು.

ಹಿಂದಿರುಗುವುದು

ಎಂಟೂವರೆ, ಒಂಬತ್ತರ ಹೊತ್ತಿಗೆ ಟ್ಯಾಕ್ಸಿಗಳು ಬರಲು ಶುರುವಾಗುತ್ತವೆ. ಅಷ್ಟರೊಳಗೆ ನಿಮ್ಮ ಎರಡು ತಾಸು ಮುಗಿದಿರಲಿ. ನೀರು ತಿರುಗಿ ಏರುವ ಮೊದಲು ಬಂಡೆ ದಾಟಿ ಈಚೆ ಬನ್ನಿ.

ಕೊನೆಯದಾಗಿ, ವಿಮಾನದ ದಿನವೇ ಫೆರಿ ಇಟ್ಟುಕೊಳ್ಳಬೇಡಿ. ಗಾಳಿ ಜೋರಾದರೆ ಫೆರಿ ಬಿಡುವುದಿಲ್ಲ, ವಿಮಾನ ನಿಮಗಾಗಿ ಕಾಯುವುದಿಲ್ಲ. ಹಿಂದಿನ ದಿನವೇ ಶ್ರೀ ವಿಜಯಪುರಂಗೆ ಬಂದು ಉಳಿಯಿರಿ. ನಮ್ಮ ಫೆರಿ ನಾಲ್ಕು ತಾಸು ತಡವಾಯಿತು. ಜೆಟ್ಟಿಯ ನೆರಳಲ್ಲಿ ಅವ್ವ ರೊಟ್ಟಿ ಗಂಟು ಬಿಚ್ಚಿದಳು. ಪಕ್ಕದಲ್ಲಿದ್ದ ಬಂಗಾಳಿ ಅಜ್ಜಿ ಒಂದು ತುಂಡು ಮುರಿದುಕೊಂಡು ಟಕ್ ಎಂದು ಕಡಿದು, ಇದನ್ನು ನೀರಿನಲ್ಲಿ ನೆನೆಸಿ ತಿನ್ನಬೇಕೇ ಎಂದು ಹಿಂದಿಯಲ್ಲಿ ಕೇಳಿದಳು. ಅವ್ವನಿಗೆ ಹಿಂದಿ ಬರುವುದಿಲ್ಲ. ಚಟ್ನಿಪುಡಿಗೆ ಇನ್ನಷ್ಟು ಎಣ್ಣೆ ಹಾಕಿ ಮುಂದಕ್ಕೆ ಸರಿಸಿದಳು.