ಗೇಣುದ್ದದ ಜಡೆ ನುಂಗಿದ ನಾಲ್ಕು ತಿಂಗಳು

ಇಬ್ಬರು ಕೂರುವ ಪುಟ್ಟ ಎಲೆಕ್ಟ್ರಿಕ್ ಕಾರು ನಮ್ಮದು. ಓಡುವ ಗಾಡಿ ಮಾಡಲು ಒಂದೂವರೆ ವರ್ಷ ಹಿಡಿಯಿತು. ಅದನ್ನು ಮಾರಬಹುದು ಎನ್ನುವ ಕಾಗದ ಕೈಗೆ ಬರುವಷ್ಟರಲ್ಲಿ ಇನ್ನೂ ಎರಡು ವರ್ಷ ಹೋಯಿತು.

ಯುರೋಪಿನಲ್ಲಿ ಮಾರುವ ಆಸೆಯಿಂದ, ಕಾರಿಗಿಂತ ಹಗುರವಾದ ನಾಲ್ಕು ಚಕ್ರದ ಗಾಡಿಗಳಿಗೆಂದು ಅಲ್ಲಿರುವ ಎಲ್7ಇ ವರ್ಗ ಆರಿಸಿಕೊಂಡೆವು. ಪೂರ್ತಿ ಕಾರಿನ ವರ್ಗಕ್ಕೆ ಹೋದರೆ ಡಿಕ್ಕಿ ಪರೀಕ್ಷೆಗೆಂದೇ ಗಾಡಿಗಳನ್ನು ಪುಡಿಮಾಡಬೇಕು. ಕೈಯಲ್ಲೇ ಕಟ್ಟುವವರಿಗೆ ಅದು ಆಗುವ ಮಾತಲ್ಲ. ಎಲ್7ಇಯಲ್ಲಿ ಆ ಕಾಟವಿಲ್ಲ, ತೂಕದ ಕಾಟವಿದೆ: ಜನ ಸಾಗಿಸುವ ಗಾಡಿ 450 ಕಿಲೋ ಮೀರಬಾರದು. ಪುಣ್ಯಕ್ಕೆ ಬ್ಯಾಟರಿಯ ತೂಕ ಈ ಲೆಕ್ಕಕ್ಕಿಲ್ಲ. ನಮ್ಮಂಥ ಮುಚ್ಚಿದ ಗಾಡಿಗೆ ಮೋಟರ್‌ನ ನಿರಂತರ ಶಕ್ತಿಯೂ 15 ಕಿಲೋವ್ಯಾಟ್ ದಾಟುವಂತಿಲ್ಲ.

ಹೂಡಿಕೆದಾರರು "ಸರ್ಟಿಫಿಕೇಟ್ ತನ್ನಿ, ಆಮೇಲೆ ಮಾತಾಡೋಣ" ಅಂದರು. ಲ್ಯಾಬಿನವರು "ಮುಂಗಡ ಕಟ್ಟಿ, ಆಮೇಲೆ ಟೆಸ್ಟ್" ಅಂದರು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಮೊದಲ ಪರೀಕ್ಷೆಗೆ ಹೋದೆವು.

ಅದು ವಿಶ್ವಸಂಸ್ಥೆಯ ನಿಯಮ 10ರ ಪರೀಕ್ಷೆ. ಗಾಡಿ ಹೊರಸೂಸುವ ರೇಡಿಯೊ ಗದ್ದಲವನ್ನು, ಅಂದರೆ ಬೇರೆ ಸಾಧನಗಳಿಗೆ ಅಡ್ಡಿಯಾಗುವ ಅಲೆಗಳನ್ನು, 30 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗೆ ಅಳೆಯುತ್ತಾರೆ. ರೋಲರ್ ಮೇಲೆ ಗಂಟೆಗೆ 40 ಕಿಲೋಮೀಟರಿಗೆ ತಂದು ನಿಲ್ಲಿಸುತ್ತಿದ್ದಂತೆ ಪರದೆಯ ಗೆರೆ ಮಿತಿಯನ್ನು ಹಾರಿ ಮೇಲೆ ಹೋಯಿತು. ಲ್ಯಾಬಿನ ಹಿರಿಯರೊಬ್ಬರು ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ ನಕ್ಕರು. ಬ್ಯಾಟರಿಯ ವಿದ್ಯುತ್ತನ್ನು ಮೋಟರ್‌ಗೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ನಿಂದ ಮೋಟರ್‌ಗೆ ಹೋಗುವ ಕೇಬಲ್ಲಿಗೆ, ಗದ್ದಲ ಹೊರಬರದಂತೆ ಸುತ್ತಿದ ಲೋಹದ ಶೀಲ್ಡ್ ಜಾಲರಿಯನ್ನು ನಾವು ಜಡೆಯಂತೆ ಹೊಸೆದು, ಗೇಣುದ್ದ ಬಿಟ್ಟು, ಒಂದು ಬೋಲ್ಟಿಗೆ ಬಿಗಿದಿದ್ದೆವು. ಆ ಜಡೆಯಿಂದಾಗಿ ಶೀಲ್ಡ್ ಇದ್ದೂ ಇಲ್ಲದಂತಾಗಿ, ಇಡೀ ಕೇಬಲ್ಲೇ ಆಂಟೆನಾ ಆಗಿತ್ತು. ಜಾಲರಿಯನ್ನು ಸುತ್ತಲೂ ಲೋಹದ ಗ್ಲ್ಯಾಂಡ್, ಅಂದರೆ ಕೇಬಲ್ಲಿನ ತುದಿ ಹಿಡಿಯುವ ಬಳೆ, ಕಚ್ಚಿ ಹಿಡಿಯಬೇಕಿತ್ತು. ರಿಪೇರಿ ಒಂದು ಮಧ್ಯಾಹ್ನದ ಕೆಲಸ. ಲ್ಯಾಬಿನಲ್ಲಿ ಮುಂದಿನ ಸರದಿ ಸಿಕ್ಕಿದ್ದು ನಾಲ್ಕು ತಿಂಗಳ ನಂತರ. ಅಷ್ಟೂ ದಿನ ಸಂಬಳ, ಬಾಡಿಗೆ ನಿಲ್ಲಲಿಲ್ಲ.

ಅಷ್ಟರಲ್ಲಿ ನಮ್ಮ ಬ್ಯಾಟರಿಯ ಸೆಲ್ ತಯಾರಿಕೆಯೇ ನಿಂತಿತು. ಸೆಲ್ ಬದಲಾದರೆ ಬ್ಯಾಟರಿಯ ಸಾಗಣೆಗೆ ಬೇಕಾದ, ವಿಶ್ವಸಂಸ್ಥೆಯ ಯುಎನ್ 38.3 ಸುರಕ್ಷತಾ ಪರೀಕ್ಷೆ ಮೊದಲಿನಿಂದ: ಬಿಸಿ, ಡಿಕ್ಕಿ, ಶಾರ್ಟ್ ಸರ್ಕ್ಯೂಟ್, ಕಂಪನದ ಮೇಜಿನ ಮೇಲೆ ಮೂರು ದಿಕ್ಕಿಗೂ ತಲಾ ಮೂರು ಗಂಟೆ. ದೊಡ್ಡ ಕಂಪನಿಗೆ ಇದು ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು. ನಮಗೆ ಅಂಗಡಿ ಮುಚ್ಚುವ ಮಾತು.

ಆಮೇಲೆ ಎರಡು ಬದಲಾವಣೆ ಮಾಡಿಕೊಂಡೆವು. ರೇಡಿಯೊ ಅಲೆ ಅಳೆಯುವ ಸ್ಪೆಕ್ಟ್ರಮ್ ಅನಲೈಸರ್ ಬಾಡಿಗೆಗೆ ತಂದು, ಲ್ಯಾಬಿಗೆ ಹೋಗುವ ಮುಂಚೆ ಶೆಡ್ಡಿನಲ್ಲೇ ಗದ್ದಲ ಹುಡುಕತೊಡಗಿದೆವು. ಹೂಡಿಕೆದಾರರ ಹತ್ತಿರ ಕೊನೆಯ ಸರ್ಟಿಫಿಕೇಟಿನ ಮಾತು ಬಿಟ್ಟು, ಒಂದೊಂದು ಟೆಸ್ಟ್ ರಿಪೋರ್ಟಿಗೆ ಒಂದೊಂದು ಕಂತು ಕೇಳಿದೆವು. ಇಬ್ಬರು ಒಲ್ಲೆ ಅಂದರು, ಮೂರನೆಯವರು ಒಪ್ಪಿದರು.

ಅನುಮೋದನೆ ಸಿಕ್ಕಿದೆ. ಈಗ ಪ್ರತಿ ಗಾಡಿಯೂ ಪರೀಕ್ಷೆಗೆ ಕೊಟ್ಟ ಗಾಡಿಯಂತೆಯೇ ಇದೆ ಎಂದು ತೋರಿಸಲು ಯಾವ ಬೋಲ್ಟ್ ಎಷ್ಟು ಬಿಗಿದೆವು ಎಂಬುದನ್ನೂ ಬರೆದಿಡಬೇಕು. ಅದಕ್ಕೊಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ರಾತ್ರಿ ಕೂತು ನಾನೇ ಬರೆಯುತ್ತೇನೆ.